ವಿಪರ್ಯಸ್ತ ಪಾಠಕ್ರಮದ ಪೂರ್ವೋತ್ತರ

ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನೇರಿದ ಹೊರತು ವಿದ್ಯೆಯು ಕೈಗೂಡದೆಂಬುದು ಭರತಖಂಡದ ಪಾಠಶಾಲೆಗಳಲ್ಲಿ ಪರಂಪರೆಯಿಂದ ನಡೆದುಬಂದ ತಿಳಿವಳಿಕೆ. ಇವುಗಳಲ್ಲಿ ಶ್ರವಣವು ಗುರುಸನ್ನಿಧಿಯಲ್ಲಿ ಆಗತಕ್ಕದ್ದು, ಮನನವು ಶಿಷ್ಯನು ಏಕಾಂತದಲ್ಲಿ ತಾನೇ ಮಾಡಿಕೊಳ್ಳತಕ್ಕದ್ದು ಎಂದು ಸಾಮಾನ್ಯವಾಗಿ ಭಾವಿಸುವರು. ಇಂದಿನ ಶಾಲೆಗಳ ಏರ್ಪಾಡೂ ಇದನ್ನೇ ಹೋಲುವುದು. ಉಪಾಧ್ಯಾಯನು ತರಗತಿಯಲ್ಲಿ ಹೇಳುವನು, ಬಾಲಕರು ಕೇಳುವರು. ಲೆಕ್ಕ ಬಿಡಿಸುವುದು, ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದು, ಸಂದೇಹದಲ್ಲಿ ಸಿಕ್ಕಿ ತೊಳಲುವುದು, ಇವೆಲ್ಲ ಮನೆಯ ಪಾಲಿಗೆ. ಈ ಕ್ರಮವನ್ನು ತಲೆಕೆಳಗು ಮಾಡಿ, ವಿಷಯವನ್ನು ಬಾಲಕನು ಮೊದಲೇ ಮನೆಯಲ್ಲಿ ಓದಿಯೋ ನೋಡಿಯೋ ಕೇಳಿಯೋ ಬರಬೇಕು, ತೊಳಲಾಟವು ಮಾತ್ರ ಗುರುವಿನ ಎದುರಿನಲ್ಲಿ ನಡೆಯಬೇಕು ಎಂಬ ಪದ್ಧತಿಯೊಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿ, ಈಗ್ಗೆ ಕೆಲವು ವರ್ಷಗಳಿಂದ ಎಲ್ಲ ದೇಶಗಳ ಶಿಕ್ಷಣಶಾಸ್ತ್ರಜ್ಞರ ಬಾಯಲ್ಲಿಯೂ ಕೇಳಿಬರುತ್ತಿರುವುದು. ಇದಕ್ಕೆ ಅಲ್ಲಿಯವರು ಫ್ಲಿಪ್ಡ್ ಕ್ಲಾಸ್‌ರೂಮ್ ಎಂದು ಹೆಸರಿಟ್ಟಿರುವರು. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಂತೆ ಪಾಠವನ್ನು ಮಗುಚಿ ಹಾಕಿದುದು ಎಂಬುದೇ ಆ ಮಾತಿನ ಭಾವ. ವಿಪರ್ಯಸ್ತ ಪಾಠಕ್ರಮವೆಂದು ಅದನ್ನು ಕರೆಯಬಹುದು.

ಹೆಸರು ಹೊಸದು, ಅದರೊಳಗಿನ ಪ್ರಶ್ನೆಯು ಬಹು ಹಳೆಯದು. ಗುರುಶಿಷ್ಯರು ಎದುರುಬದುರಾಗಿ ಕುಳಿತಿರುವ ಗಳಿಗೆಯು ಯಾವ ಕಾಲದಲ್ಲಿಯೂ ಅಲ್ಪವಾದದ್ದು. ಅದನ್ನು ಹೇಳುವುದಕ್ಕೆ ವಿನಿಯೋಗಿಸಬೇಕೋ, ಕೇಳಿಸಿಕೊಂಡುದು ಶಿಷ್ಯನಲ್ಲಿ ಏನಾಯಿತೆಂದು ಪರಿಶೀಲಿಸುವುದಕ್ಕೆ ವಿನಿಯೋಗಿಸಬೇಕೋ ಎಂಬುದೇ ಆ ಪ್ರಶ್ನೆ.

ಯುರೋಪಖಂಡದ ಮಧ್ಯಯುಗದ ವಿದ್ಯಾಪೀಠಗಳಲ್ಲಿ ಗ್ರಂಥವೆಂಬುದು ಕೈಬರಹದ್ದು, ಚರ್ಮಪತ್ರದ ಮೇಲಿನದು, ವಿದ್ಯಾರ್ಥಿಯ ಕೈಗೆಟುಕದ ಬೆಲೆಯುಳ್ಳದ್ದು. ಆದುದರಿಂದ ಆಚಾರ್ಯನು ಗ್ರಂಥವನ್ನು ಓದಿ ವಿವರಿಸುವುದು, ಶಿಷ್ಯರು ಕೇಳಿ ಬರೆದುಕೊಳ್ಳುವುದು ಅನಿವಾರ್ಯವಾಗಿದ್ದಿತು. ಉಪನ್ಯಾಸಕ್ಕೆ ಆಂಗ್ಲರು ಹೇಳುವ ಲೆಕ್ಚರ್ ಎಂಬ ಶಬ್ದಕ್ಕೆ ಲ್ಯಾಟಿನ್ ಮೂಲದಲ್ಲಿ ಓದುವಿಕೆ ಎಂದೇ ಅರ್ಥ. ಹದಿನೈದನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯಲ್ಲಿ ಗುಟೆನ್‌ಬರ್ಗನ ಮುದ್ರಣಯಂತ್ರವು ನಡೆಯತೊಡಗಿ ಪುಸ್ತಕಗಳು ಅಗ್ಗವಾದವು. ಆದರೂ ಉಪನ್ಯಾಸದ ಪರಿಪಾಟಿಯು ಅಲುಗಲಿಲ್ಲ. ಪುಸ್ತಕಗಳು ಇಷ್ಟು ಹೇರಳವಾಗಿ, ಓದಬಲ್ಲವರೂ ಇಷ್ಟು ಮಂದಿಯಾದ ಮೇಲೆ ಉಪನ್ಯಾಸವೇತಕ್ಕೆಂದು ಆಂಗ್ಲ ಪಂಡಿತ ಸಾಮ್ಯುಯೆಲ್ ಜಾನ್ಸನನು ೧೭೮೧ರಲ್ಲಿಯೇ ಆಕ್ಷೇಪಿಸಿದುದನ್ನು ಅವನ ಚರಿತ್ರಕಾರನಾದ ಬಾಸ್ವೆಲ್ಲನು ದಾಖಲು ಮಾಡಿರುವನು. ಕಾರಣವು ಹೋದ ಮೇಲೆಯೂ ಕಾರ್ಯವು ಉಳಿದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಕನ್ನಡನಾಡಿನಲ್ಲಿ ತಾಳೆಗರಿಯ ಕಾಲಕ್ಕೂ ಇದೇ ಇಕ್ಕಟ್ಟು ಇದ್ದಿತು. ಮಠಗಳಲ್ಲಿ ಒಬ್ಬರು ಪುರಾಣವನ್ನು ಓದುತ್ತ, ಮತ್ತೊಬ್ಬರು ಅರ್ಥ ಹೇಳುತ್ತ, ಊರ ಜನರೆಲ್ಲ ಕುಳಿತು ಕೇಳುತ್ತಿದ್ದುದಕ್ಕೆ ಗ್ರಂಥದ ಅಭಾವವೂ ಒಂದು ಕಾರಣ. ಆದರೆ ಪ್ರವಚನವನ್ನು ಪಾಠದೊಡನೆ ಸೇರಿಸಿ ದೂಷಿಸುವುದು ನ್ಯಾಯವಲ್ಲ. ಪ್ರವಚನದ ಉದ್ದೇಶವು ಭಕ್ತಿಯನ್ನು ಜಾಗೃತಗೊಳಿಸುವುದು; ಕೇಳಿದವನು ಮರುದಿನ ಉತ್ತರವನ್ನು ಒಪ್ಪಿಸಬೇಕಾದುದಿಲ್ಲ. ಶಾಲೆಯ ಬಾಲಕನ ಸಂಗತಿಯು ಬೇರೆ.

ಪುಸ್ತಕವು ದುರ್ಲಭವಾಗಿದ್ದಾಗಲೂ ಶಾಲೆಯ ವೇಳೆಯನ್ನೆಲ್ಲ ಉಪಾಧ್ಯಾಯನ ಮಾತಿಗೇ ಬಿಟ್ಟುಕೊಡದ ಪದ್ಧತಿಯೊಂದು ದಕ್ಷಿಣದೇಶದ ಜಗಲಿಯ ಶಾಲೆಗಳಲ್ಲಿ ಇದ್ದಿತು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ಲನು ೧೭೮೯ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ನೋಡುತ್ತಿದ್ದಾಗ, ಇಲ್ಲಿಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ತಂದನು. ಹಿರಿಯ ಬಾಲಕರಿಂದ ಕಿರಿಯರಿಗೆ ಪಾಠ ಹೇಳಿಸುವುದು ಅವನ ವ್ಯವಸ್ಥೆಯ ಜೀವಾಳ. ೧೭೯೭ರಲ್ಲಿ ಅವನು ಲಂಡನ್ನಿನಲ್ಲಿ ಇದರ ವೃತ್ತಾಂತವನ್ನು ಮುದ್ರಿಸಿದನು; ಜೋಸೆಫ್ ಲ್ಯಾಂಕ್ಯಾಸ್ಟರನೂ ಸ್ವಲ್ಪ ಹೆಚ್ಚುಕಡಿಮೆ ಇಂಥದನ್ನೇ ತನ್ನ ಶಾಲೆಯಲ್ಲಿ ನಡೆಸಿದನು. ಇಂಗ್ಲೆಂಡಿನಲ್ಲಿ ಬಡ ಮಕ್ಕಳ ಶಿಕ್ಷಣವು ಅನೇಕ ವರ್ಷಗಳವರೆಗೆ ಮದ್ರಾಸ್ ಪದ್ಧತಿಯೆಂಬ ಹೆಸರಿನಿಂದಲೇ ಸಾಗಿತು.

ಆ ಜಗಲಿಯ ಶಾಲೆಗಳ ಒಳಗನ್ನು ಕಾಣಬೇಕಾದರೆ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು ೧೮೨೩ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಮದ್ರಾಸಿಗೆ ಬರೆದು ಕಳುಹಿದ ವರದಿಗಿಂತ ಮಿಗಿಲಾದ ಸಾಧನವಿಲ್ಲ. ಹಿಂದಿನ ವರ್ಷ ಗವರ್ನರ್ ಸರ್ ಥಾಮಸ್ ಮನ್ರೋ ಸಾಹೇಬನು ಪ್ರತಿ ಜಿಲ್ಲೆಯ ಶಾಲೆಗಳನ್ನು ಎಣಿಸಿ ತಿಳಿಸಬೇಕೆಂದು ಅಪ್ಪಣೆ ಮಾಡಿದ್ದನು. ಅದರಂತೆ ಬಳ್ಳಾರಿ ಜಿಲ್ಲೆಯಲ್ಲಿ ಎಣಿಕೆಗೆ ಸಿಕ್ಕ ಶಾಲೆಗಳು ೫೩೩, ಬಾಲಕರು ೬,೬೪೧. ಈ ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಸಂಸ್ಕೃತ ಶಾಸ್ತ್ರಗಳನ್ನು ಹೇಳುವವು ೨೩. ಮಿಕ್ಕವು ಮರಾಠಿ, ಪಾರಸಿ, ತಮಿಳು ಮತ್ತು ಒಂದೇ ಒಂದು ಇಂಗ್ಲಿಷಿನದು. ಇತರ ಕಲೆಕ್ಟರರು ಅಂಕಿಗಳನ್ನು ತುಂಬಿ ಸುಮ್ಮನಾದೆಡೆಯಲ್ಲಿ ಕ್ಯಾಂಪ್‌ಬೆಲ್ಲನು ಪಾಠ ನಡೆಯುವ ಬಗೆಯನ್ನೂ ವರ್ಣಿಸಿರುವನು. ಬೆಳಗಿನ ಆರು ಗಂಟೆಯ ಹೊತ್ತಿಗೆ ಶಾಲೆ. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ನಾಮವನ್ನು ಬರೆಯುವರು. ಎರಡನೆಯವನ ಅಂಗೈಗೆ ಸೊನ್ನೆ, ಎಂದರೆ ಮೆಚ್ಚಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. (ಸೋಮಾರಿಗೆ ಶಿಕ್ಷೆಯು ಕೂಡುಬಡ್ಡಿಯಂತೆ ಬೆಳೆಯುವ ಈ ಉಪಾಯವನ್ನು ಈಗಿನ ಕಾಯಿದೆಯು ಒಪ್ಪುವುದಿಲ್ಲವಾದರೂ, ಬೆಳಗಿನ ಹೊತ್ತು ಊರ ಬೀದಿಗಳಲ್ಲಿ ಮಕ್ಕಳ ಓಟವು ಹೇಗಿದ್ದಿರಬೇಕೆಂಬುದನ್ನು ಊಹಿಸಬಹುದು.) ಬಳಿಕ ಬಾಲಕರನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಮಾಡಿ, ಕೆಳಗಿನ ವರ್ಗಗಳನ್ನು ಮುಂದುವರಿದ ಬಾಲಕರಿಗೆ ಒಪ್ಪಿಸಿ, ಉಪಾಧ್ಯಾಯನು ಮೇಲಿನ ವರ್ಗವನ್ನು ತನ್ನ ಬಳಿ ಕೂರಿಸಿಕೊಂಡು ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುವನು. ಹೀಗೆ ಹೇಳಿಕೊಡುವುದರಿಂದ ಕಲಿಸುವವನ ವಿದ್ಯೆಯೂ ಗಟ್ಟಿಯಾಗುವುದೆಂದೂ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಉಚಿತವೇ ಎಂದೂ ಕ್ಯಾಂಪ್‌ಬೆಲ್ಲನು ಪ್ರಶಂಸಿಸಿರುವನು.

ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳ ಪಟ್ಟಿಯೂ ಆ ವರದಿಯಲ್ಲಿ ಪ್ರತ್ಯೇಕವಾಗಿದೆ. ಆಂಗ್ಲ ಅಕ್ಷರಗಳಲ್ಲಿ ಹೆಸರುಗಳು ಬಹಳ ವಿಕಾರಗೊಂಡಿದ್ದರೂ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚನ್ನಬಸವೇಶ್ವರಪುರಾಣಗಳನ್ನು ಗುರುತಿಸುವುದು ಕಷ್ಟವಲ್ಲ. ಹಳ್ಳಿಯ ಬಾಲಕನೊಬ್ಬನು ಹರಿಹರ ರಾಘವಾಂಕರನ್ನು ಕಂಠಸ್ಥ ಮಾಡುತ್ತಿದ್ದನೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದೇ ವರದಿಯಲ್ಲಿ ಮುಂದೆ ಬರುವ ಮಾತನ್ನು ಮುಚ್ಚಿಡಬಾರದು. ಬಾಲಕರು ಅಸಂಖ್ಯಾತ ಪದ್ಯಗಳನ್ನು ತಡೆಯಿಲ್ಲದೆ ಒಪ್ಪಿಸುವರು, ಅರ್ಥವು ಮಾತ್ರ ಗಿಳಿಗೆ ಎಷ್ಟೋ ಅವರಿಗೂ ಅಷ್ಟೇ, ಎಂಬುದು ಕ್ಯಾಂಪ್‌ಬೆಲ್ಲನ ಆರೋಪ. ಕಾವ್ಯಭಾಷೆಗೂ ಆಡುಮಾತಿಗೂ ನಡುವೆ ಇರುವ ದೂರವನ್ನು ಯಾರೂ ಬಾಲಕನಿಗೆ ದಾಟಿಸುತ್ತಿರಲಿಲ್ಲವೆಂದು ಅವನು ಕಾರಣವನ್ನೂ ಕೊಟ್ಟಿರುವನು. ಅವನು ಪರದೇಶೀಯನು, ಅಧಿಕಾರಿಯು, ಎಂಬುದರಿಂದ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸ್ವತಃ ತೆಲುಗು ವ್ಯಾಕರಣವನ್ನು ಬರೆದವನು. ಶ್ರವಣವೂ ಧಾರಣವೂ ಚೆನ್ನಾಗಿ ನಡೆದು, ಮನನವು ಗುರುವಿನ ಎದುರಿನಲ್ಲಿಯೂ ನಡೆಯದೆ ಮನೆಯಲ್ಲಿಯೂ ನಡೆಯದೆ ಹೋದರೆ ಆಗುವುದು ಹೀಗೆಯೇ.

ಬಳ್ಳಾರಿಯಲ್ಲಿ ಈ ವರದಿಯು ಸಿದ್ಧವಾಗುತ್ತಿದ್ದ ಕಾಲಕ್ಕೆ ಅಮೇರಿಕೆಯ ಹಡ್ಸನ್ ನದಿಯ ದಂಡೆಯ ವೆಸ್ಟ್ ಪಾಯಿಂಟ್ ಎಂಬಲ್ಲಿ, ಸೈನ್ಯದ ಅಧಿಕಾರಿಗಳನ್ನು ತರಬೇತು ಮಾಡುವ ವಿದ್ಯಾಲಯದಲ್ಲಿ, ವಿಪರ್ಯಸ್ತ ಪಾಠಕ್ರಮದ ನಿಜವಾದ ಪೂರ್ವಜವೊಂದು ಬೇರೂರುತ್ತಲಿತ್ತು. ಸಿಲ್ವೇನಸ್ ಥೇಯರ್ ಎಂಬವನು ಫ್ರಾನ್ಸಿಗೆ ಹೋಗಿ ಅಲ್ಲಿಯ ಸೈನಿಕ ಶಿಕ್ಷಣವನ್ನು ಪರಿಶೀಲಿಸಿ ಬಂದು ೧೮೧೭ರಿಂದ ೧೮೩೩ರವರೆಗೆ ಆ ವಿದ್ಯಾಲಯದ ಮುಖ್ಯಾಧಿಕಾರಿಯಾಗಿದ್ದನು. ಅವನು ವಿಧಿಸಿದ ನಿಯಮವು ಸರಳವಾದದ್ದು, ಆದರೆ ನಿಷ್ಠುರವಾದದ್ದು. ನಾಳೆಯ ಪಾಠದ ಭಾಗವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದೇ ಪುಸ್ತಕದಿಂದ ಓದಿ ಸಾಧಿಸಿಕೊಂಡು ಬರಬೇಕು. ತರಗತಿಯು ಚಿಕ್ಕದು, ಉಪಾಧ್ಯಾಯನು ಆರಂಭದಲ್ಲಿ ವಿವರಣೆಯನ್ನು ಕೊಡುವುದಿಲ್ಲ. ವಿದ್ಯಾರ್ಥಿಯು ಎದ್ದು ಕರಿಹಲಗೆಯ ಮುಂದೆ ನಿಂತು ಲೆಕ್ಕವನ್ನು ಬಿಡಿಸಿ, ತಾನು ಮಾಡಿದುದನ್ನು ಕಾರಣಸಹಿತವಾಗಿ ಹೇಳಬೇಕು. ತಪ್ಪಿದಲ್ಲಿ ಮಾತ್ರ ಉಪಾಧ್ಯಾಯನ ಬಾಯಿ ತೆರೆಯುವುದು. ಅಂದಂದಿನ ಅಂಕ ಅಂದಂದೇ. ಕರಿಹಲಗೆಯು ಆ ದೇಶದಲ್ಲಿ ಆಗಿನ್ನೂ ಅಪರೂಪದ ವಸ್ತು. ೧೮೧೬ರಲ್ಲಿ ಅಲ್ಲಿಗೆ ಬಂದ ಫ್ರಾನ್ಸ್ ದೇಶದ ಕ್ಲಾಡಿಯಸ್ ಕ್ರೋಜೆ ಎಂಬ ಅಧ್ಯಾಪಕನು ರೇಖಾಗಣಿತದ ಚಿತ್ರಗಳನ್ನು ತೋರಿಸಲು ಅದನ್ನು ಬಳಸುತ್ತಿದ್ದನು. ಕ್ರೋಜೆಯ ಕೈಯಲ್ಲಿ ಗುರುವು ಬರೆಯುವ ಹಲಗೆಯಾಗಿದ್ದುದು ಥೇಯರನ ಏರ್ಪಾಡಿನಲ್ಲಿ ಶಿಷ್ಯನು ಬರೆಯುವ ಹಲಗೆಯಾಯಿತು. ಥೇಯರನ ಹೆಸರಿನಿಂದಲೇ ಈ ಪದ್ಧತಿಯು ಆ ವಿದ್ಯಾಲಯದಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ಪುಸ್ತಕದ ವಾಕ್ಯಗಳನ್ನೇ ಒಪ್ಪಿಸಿ ಅಂಕ ಗಳಿಸುವ ಜಾಣತನಕ್ಕೆ ಇಲ್ಲಿಯೂ ಎಡೆಯಿದ್ದಿತು, ಸುಳ್ಳಲ್ಲ. ಆದರೆ ಹಲಗೆಯ ಮುಂದೆ ಹೊಸ ಲೆಕ್ಕವು ಬಂದಾಗ ಗಿಳಿಯು ಸಿಕ್ಕಿಬೀಳಲೇಬೇಕು.

ನೂರೈವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಅದೇ ದೇಶದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗಿಳಿಯು ಸಿಕ್ಕಿಬಿದ್ದ ಕಥೆಯು ಇನ್ನೂ ಬೋಧಪ್ರದವಾದದ್ದು. ಎರಿಕ್ ಮೇಜರ್ ಎಂಬ ಡಚ್ ಮೂಲದ ಭೌತಶಾಸ್ತ್ರಜ್ಞರು ಅಲ್ಲಿ ೧೯೮೪ರಿಂದ ಆರಂಭದ ತರಗತಿಗೆ ಪಾಠ ಹೇಳುತ್ತಿದ್ದರು. ಉಪನ್ಯಾಸಗಳು ಸ್ಪಷ್ಟವಾಗಿದ್ದವು, ವಿದ್ಯಾರ್ಥಿಗಳು ಮೆಚ್ಚುತ್ತಿದ್ದರು, ಪರೀಕ್ಷೆಯ ಕಠಿಣವಾದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಅರಿಜೋನಾ ಸಂಸ್ಥಾನದ ಹಾಲೂನ್ ಮತ್ತು ಹೆಸ್ಟೆನಿಸ್ ಎಂಬ ವಿದ್ವಾಂಸರು, ಭೌತಶಾಸ್ತ್ರವನ್ನು ಓದಿದ ಮೇಲೆಯೂ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಬಲ, ಚಲನೆಗಳ ಹಳೆಯ ತಪ್ಪು ಭಾವನೆಗಳು ಹಾಗೆಯೇ ಉಳಿದಿರುತ್ತವೆಂದು ೧೯೮೫ರಲ್ಲಿ ತೋರಿಸಿಕೊಟ್ಟಿದ್ದರು. ಇದನ್ನು ೧೯೯೦ರಲ್ಲಿ ಓದಿದ ಮೇಜರರಿಗೆ ನಂಬಿಕೆ ಹುಟ್ಟಲಿಲ್ಲ. ತಮ್ಮ ವಿದ್ಯಾರ್ಥಿಗಳು ಅಂಥವರಲ್ಲವೆಂದು ಭಾವಿಸಿ ಅದೇ ಪ್ರಶ್ನಾವಳಿಯನ್ನು ತಮ್ಮ ತರಗತಿಗೆ ಕೊಟ್ಟರು. ಪ್ರಶ್ನೆಗಳು ಮನೆಯ ಮಾತಿನಂಥವು: ಭಾರವಾದ ಲಾರಿಯೂ ಹಗುರವಾದ ಕಾರೂ ಒಂದಕ್ಕೊಂದು ಹಾಯ್ದರೆ ಯಾವುದರ ಮೇಲೆ ಬೀಳುವ ಬಲವು ಹೆಚ್ಚು? ಎರಡೂ ಸಮವೆಂಬುದು ನ್ಯೂಟನ್ನನ ಮೂರನೆಯ ನಿಯಮ. ಅದನ್ನು ಬಾಯಿಪಾಠವಾಗಿ ಬಲ್ಲ ವಿದ್ಯಾರ್ಥಿಗಳಲ್ಲಿ ಅನೇಕರು ಲಾರಿಯ ಬಲವೇ ಹೆಚ್ಚೆಂದು ಬರೆದರು. ಒಬ್ಬ ವಿದ್ಯಾರ್ಥಿನಿಯಂತೂ, ಈ ಪ್ರಶ್ನೆಗಳಿಗೆ ತಾವು ಕಲಿಸಿದಂತೆ ಉತ್ತರಿಸಬೇಕೋ, ತನಗೆ ತೋರುವಂತೆ ಉತ್ತರಿಸಬೇಕೋ ಎಂದು ಗುರುವನ್ನೇ ಕೇಳಿದಳಂತೆ. ಬಳ್ಳಾರಿಯ ಜಗಲಿಯ ಬಾಲಕನಿಗೂ ಹಾರ್ವರ್ಡಿನ ವಿದ್ಯಾರ್ಥಿನಿಗೂ ವಿದ್ಯೆಯು ನಿಂತ ಸ್ಥಳವು ಒಂದೇ, ನಾಲಗೆ.

೧೯೯೧ರಲ್ಲಿ ಮೇಜರರು ತಮ್ಮ ಕ್ರಮವನ್ನು ಬದಲಿಸಿದರು. ವಿದ್ಯಾರ್ಥಿಗಳು ಪುಸ್ತಕದ ಭಾಗವನ್ನು ಮೊದಲೇ ಓದಿಕೊಂಡು ಬರಬೇಕು. ಓದಿದವರು ತಮಗೆ ಯಾವುದು ಕಠಿಣವಾಯಿತೆಂಬುದನ್ನು ತರಗತಿಗೆ ಮುಂಚೆಯೇ ಬರೆದು ತಿಳಿಸುವ ಏರ್ಪಾಡೂ ಮುಂದೆ ಸೇರಿತು. ತರಗತಿಯಲ್ಲಿ ಗುರುವು ಒಂದು ಪ್ರಶ್ನೆಯನ್ನು ಇಡುವನು. ಪ್ರತಿಯೊಬ್ಬನೂ ಮೌನವಾಗಿ ಯೋಚಿಸಿ ತನ್ನ ಉತ್ತರವನ್ನು ಸೂಚಿಸುವನು. ಬಳಿಕ ಬೇರೆ ಉತ್ತರ ಹೇಳಿದ ನೆರೆಯವನೊಡನೆ ವಾದಿಸಿ, ಮತ್ತೊಮ್ಮೆ ಉತ್ತರ ಸೂಚಿಸುವನು. ಕೊನೆಗೆ ಗುರುವಿನ ವಿವರಣೆ. ಮೊದಲ ಸಲ ಸರಿಯಾಗಿ ಹೇಳಿದವರು ನೂರಕ್ಕೆ ೩೫ರಿಂದ ೭೦ರವರೆಗೆ ಇದ್ದರೆ ವಾದದಿಂದ ಹೆಚ್ಚು ಫಲವೆಂದು ಅವರು ಅನುಭವದಿಂದ ಕಂಡುಕೊಂಡರು. ಅದಕ್ಕಿಂತ ಕಡಮೆಯಿದ್ದರೆ ಕುರುಡನು ಕುರುಡನ ಕೈ ಹಿಡಿದಂತಾಗುವುದು. ಆಗತಾನೆ ತಿಳಿದುಕೊಂಡವನು ತಿಳಿಯದವನ ತೊಡಕನ್ನು ಗುರುವಿಗಿಂತ ಚೆನ್ನಾಗಿ ಬಲ್ಲನೆಂಬ ತತ್ತ್ವವು ಬೆಲ್ಲನಿಗೂ ಜಗಲಿಯ ಉಪಾಧ್ಯಾಯನಿಗೂ ತಿಳಿದಿದ್ದುದೇ. ಸಂಸ್ಕೃತ ಪಾಠಶಾಲೆಗಳಲ್ಲಿಯೂ ವಿದ್ಯೆಗೆ ನಾಲ್ಕು ಪಾದಗಳೆಂದೂ, ಅವುಗಳಲ್ಲಿ ಆಚಾರ್ಯನಿಂದ ಬರುವುದು ಒಂದೇ ಪಾದವೆಂದೂ, ಸಹಪಾಠಿಗಳಿಂದ ಬರುವುದು ಮತ್ತೊಂದೆಂದೂ ಹೇಳುವ ವಾಡಿಕೆಯುಂಟು.

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೨೦೦೦ದಲ್ಲಿ ಓಹಾಯೋ ಸಂಸ್ಥಾನದ ಮಯಾಮಿ ವಿಶ್ವವಿದ್ಯಾಲಯದ ಲೇಜ್, ಪ್ಲಾಟ್, ಟ್ರೆಗ್ಲಿಯಾ ಎಂಬ ಮೂವರು ಅಧ್ಯಾಪಕರು ಅರ್ಥಶಾಸ್ತ್ರದ ಪಾಠವನ್ನು ತಲೆಕೆಳಗು ಮಾಡಿದ ಬಗೆಯನ್ನು ಪ್ರಕಟಿಸಿದರು. ೨೦೦೭ರಲ್ಲಿ ಕೊಲೊರಾಡೋ ಸಂಸ್ಥಾನದ ಬೆಟ್ಟಗಳ ನಡುವಣ ವುಡ್‌ಲ್ಯಾಂಡ್ ಪಾರ್ಕ್ ಎಂಬ ಊರಿನ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯರಾದ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬಿಬ್ಬರು, ಪಂದ್ಯಾಟಗಳಿಗಾಗಿ ದೂರದೂರಿಗೆ ಹೋಗಿ ಪಾಠ ತಪ್ಪಿಸಿಕೊಳ್ಳುವ ಬಾಲಕರಿಗೆಂದು ತಮ್ಮ ಪಾಠಗಳನ್ನು ಚಲಚ್ಚಿತ್ರಗಳಾಗಿ ಮಾಡಿ ಇಟ್ಟರು. ತಪ್ಪಿಸಿಕೊಳ್ಳದ ಬಾಲಕರೂ ಅವನ್ನು ನೋಡತೊಡಗಿದರು. ಬಾಲಕನಿಗೆ ಗುರುವು ಬೇಕಾಗುವುದು ವಿಷಯವನ್ನು ಕೇಳುವಾಗಲ್ಲ, ಲೆಕ್ಕದ ನಡುವೆ ಸಿಕ್ಕಿಕೊಂಡಾಗ. ಆ ಹೊತ್ತಿನಲ್ಲಿಯೇ ಗುರುವು ದೂರವಿರುತ್ತಾನೆ, ಎಂಬುದು ಇವರಿಗೆ ಹೊಳೆಯಿತು. ಪಾಠವೆಲ್ಲವೂ ಚಿತ್ರವಾಗಿ ಮನೆಗೆ ಹೋಯಿತು, ಅಭ್ಯಾಸವು ಶಾಲೆಗೆ ಬಂದಿತು. ೨೦೧೧ರಲ್ಲಿ ಸಲ್ಮಾನ್ ಖಾನರು ತಮ್ಮ ಗಣಿತದ ಪಾಠಚಿತ್ರಗಳನ್ನು ಕುರಿತು ಮಾಡಿದ ಭಾಷಣದಿಂದ ಈ ಮಾತು ದೇಶದೇಶಗಳಿಗೆ ಹಬ್ಬಿತು. ಇಂತು ಹಬ್ಬಿದಾಗ ಚಿತ್ರವೇ ಮುಖ್ಯ, ಯಂತ್ರವೇ ಮುಖ್ಯ ಎಂಬ ಭ್ರಾಂತಿಯೂ ಜೊತೆಗೂಡಿತು. ಥೇಯರನಿಗೆ ಪುಸ್ತಕ, ಹಲಗೆ ಮತ್ತು ಸುಣ್ಣದ ಕಡ್ಡಿಗಳು ಸಾಕಾಗಿದ್ದುದನ್ನು ಜನರು ಮರೆತರು.

ಫಲವೇನಾಯಿತು? ೨೦೧೪ರಲ್ಲಿ ಫ್ರೀಮನ್ ಮೊದಲಾದ ವಿದ್ವಾಂಸರು ೨೨೫ ಪರಿಶೀಲನೆಗಳನ್ನು ಒಟ್ಟುಗೂಡಿಸಿ ನೋಡಲಾಗಿ, ಬರಿಯ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಅನುತ್ತೀರ್ಣರಾದವರು ನೂರಕ್ಕೆ ಸುಮಾರು ೩೪; ವಿದ್ಯಾರ್ಥಿಗಳು ತಾವೇ ಯೋಚಿಸಿ ಚರ್ಚಿಸಿ ಮಾಡುವ ತರಗತಿಗಳಲ್ಲಿ ಸುಮಾರು ೨೨. ಮರುವರ್ಷ ಅಮೇರಿಕೆಯ ಮತ್ತೊಂದು ಪರಿಶೀಲನೆಯಲ್ಲಿ, ಎರಡು ತರಗತಿಗಳಲ್ಲಿಯೂ ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯುವಂತಿದ್ದರೆ ಪಾಠವನ್ನು ಮಗುಚಿದುದಕ್ಕಾಗಿಯೇ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಎಂದಮೇಲೆ ಲಾಭವು ಮನನದ್ದು. ಪಾಠವು ಮನೆಗೆ ಹೋದುದರದ್ದಲ್ಲ.

ಇನ್ನೂ ಮನಸ್ಸಿಗೆ ನಾಟುವ ಫಲಿತಾಂಶವು ಥೇಯರನ ವೆಸ್ಟ್ ಪಾಯಿಂಟಿನಿಂದಲೇ ಬಂದಿದೆ. ಅಲ್ಲಿ ೧,೩೨೮ ವಿದ್ಯಾರ್ಥಿಗಳನ್ನು ಚೀಟಿಯೆತ್ತಿದಂತೆ ವಿಂಗಡಿಸಿ, ಕೆಲವರಿಗೆ ಪಾಠಚಿತ್ರಗಳ ವಿಪರ್ಯಸ್ತ ಕ್ರಮವನ್ನೂ ಮಿಕ್ಕವರಿಗೆ ರೂಢಿಯ ಕ್ರಮವನ್ನೂ ಅನುಸರಿಸಿ ನೋಡಿದರು. ವರದಿಯು ೨೦೧೯ರಲ್ಲಿ ಹೊರಬಂದಿತು. ಗಣಿತದಲ್ಲಿ ಸ್ವಲ್ಪ ಕಾಲದ ಲಾಭ, ಅರ್ಥಶಾಸ್ತ್ರದಲ್ಲಿ ಯಾವ ಲಾಭವೂ ಇಲ್ಲ. ಕಾಲ ಕಳೆದಂತೆ ಒಟ್ಟು ಲಾಭವು ಕರಗಿಹೋಯಿತು. ಅದಕ್ಕಿಂತ ಮುಖ್ಯವಾಗಿ, ಮೊದಲೇ ಮುಂದಿದ್ದವರು ಮತ್ತಷ್ಟು ಮುಂದೆ ಹೋದರು, ಹಿಂದಿದ್ದವರು ಹಿಂದೆಯೇ ಉಳಿದರು. ಆ ಅಂತರವು ಮಾತ್ರ ಕರಗಲಿಲ್ಲ. ಗಮನಿಸಬೇಕಾದುದೇನೆಂದರೆ, ವೆಸ್ಟ್ ಪಾಯಿಂಟಿನಲ್ಲಿ ಎಲ್ಲರೂ ಒಂದೇ ವಸತಿಯಲ್ಲಿರುವವರು. ಒಂದೇ ಊಟ, ಒಂದೇ ದೀಪ, ಒಂದೇ ವೇಳೆ. ಅಂಥಲ್ಲಿಯೇ ಹೀಗಾದರೆ ಮನೆಮನೆಗೂ ದೀಪವು ಬೇರೆಯಾಗಿರುವ ನಾಡಿನಲ್ಲಿ ಏನಾದೀತು?

ಕರ್ನಾಟಕವು ಇದನ್ನು ೨೦೨೦ನೆಯ ಇಸವಿಯಲ್ಲಿ ಕಣ್ಣಾರೆ ಕಂಡಿತು. ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಅದೇ ಆಗಸ್ಟಿನಲ್ಲಿ ಸರಕಾರವು ಆರಂಭಿಸಿದ ವಿದ್ಯಾಗಮ ಯೋಜನೆಯಂತೆ ಉಪಾಧ್ಯಾಯರೇ ಹಳ್ಳಿಗಳಿಗೆ ಹೋಗಿ, ಗುಡಿಯ ಪೌಳಿಯಲ್ಲಿಯೋ ಮರದ ನೆರಳಿನಲ್ಲಿಯೋ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಪಾಠವು ಮನೆಯಲ್ಲಿ, ಗುರುವಿನ ಭೆಟ್ಟಿಯು ಸಂದೇಹಕ್ಕೆ: ಯಾರೂ ಉದ್ದೇಶಿಸದೆಯೇ ವಿಪರ್ಯಸ್ತ ಕ್ರಮವು ಹಳ್ಳಿಯ ಜಗಲಿಗೆ ಮರಳಿ ಬಂದಿತ್ತು. ಆದರೆ ಮಕ್ಕಳನ್ನು ಗುಂಪು ಮಾಡಬೇಕಾದುದು ಅವರ ಕಲಿಕೆಯಿಂದಲ್ಲ, ಮನೆಯಲ್ಲಿ ಯಾವ ಬಗೆಯ ಫೋನು ಇದೆ, ಯಾವುದೂ ಇಲ್ಲ, ಎಂಬುದರಿಂದ. ರೋಗದ ಭೀತಿಯಿಂದ ಅಕ್ಟೋಬರಿನಲ್ಲಿ ವಿದ್ಯಾಗಮವನ್ನು ತಡೆಹಿಡಿಯಲಾಯಿತು. ಆಗ ಫೋನು ಇದ್ದ ಮಗುವಿಗೆ ಪಾಠವಾದರೂ ಉಳಿಯಿತು. ಇಲ್ಲದ ಮಗುವಿಗೆ ಎರಡೂ ಹೋದವು.

ಕನ್ನಡನಾಡಿನ ವೀರಶೈವ ಲಿಂಗಾಯತ ಮಠಗಳು ಇಪ್ಪತ್ತನೆಯ ಶತಮಾನದಲ್ಲಿ ಪ್ರಸಾದನಿಲಯಗಳನ್ನು ತೆರೆದಾಗ ಇಂಥ ಪಾಠಕ್ರಮದ ಹೆಸರನ್ನು ಯಾರೂ ಕೇಳಿರಲಿಲ್ಲ. ಹಳ್ಳಿಯ ಬಡ ಬಾಲಕನಿಗೆ ಊರಿನಲ್ಲಿ ಓದಲು ಶಾಲೆ ಇದ್ದರೂ ಇರಲು ಮನೆಯಿಲ್ಲ, ಇದ್ದ ಮನೆಯಲ್ಲಿ ಓದಲು ಎಡೆಯಿಲ್ಲ ಎಂಬ ಕಷ್ಟವೇ ಅವುಗಳಿಗೆ ಕಾರಣ. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕಾಲಕ್ಕೆ, ೨೦೧೯ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ, ಜಾತಿಭೇದವಿಲ್ಲದೆ ಹತ್ತು ಸಾವಿರದಷ್ಟು ಮಕ್ಕಳಿಗೆ ಅನ್ನವೂ ನೆಲೆಯೂ ದೊರೆಯುತ್ತಿದ್ದಿತು. ಶಾಲೆಯ ಪಾಠಕ್ಕಿಂತ ಮನೆಯ ಓದಿಗೆ ಹೆಚ್ಚು ಬೆಲೆ ಬರುತ್ತಿರುವ ಈ ದಿನಗಳಲ್ಲಿ ಪ್ರಸಾದನಿಲಯವೇ ಆ ಮನೆ. ವೆಸ್ಟ್ ಪಾಯಿಂಟಿನ ಫಲಿತಾಂಶವನ್ನು ನೋಡಿದರೆ ಅನ್ನ, ನೆಲೆ, ದೀಪಗಳಷ್ಟೇ ಸಾಲವು. ಓದಿಕೊಂಡು ಬಾ ಎಂದರೆ ಓದಬಲ್ಲವನು ಓದುವನು, ಆಗದವನು ಪುಟವನ್ನು ತಿರುವುವನು. ಅಲ್ಲಿ ಬೇಕಾಗುವವನು ಬಳ್ಳಾರಿಯ ಜಗಲಿಯ ಆ ಮುಂದುವರಿದ ಬಾಲಕನು. ಸಂಜೆಯ ಪೂಜೆ ಪ್ರಸಾದಗಳಾದ ಮೇಲೆ ಹತ್ತನೆಯ ತರಗತಿಯವನೊಬ್ಬನು ಎಂಟನೆಯ ತರಗತಿಯ ಐದಾರು ಮಂದಿಯನ್ನು ಸುತ್ತ ಕೂರಿಸಿಕೊಂಡು, ಮರುದಿನದ ಪಾಠವನ್ನು ಅವರಿಂದ ಓದಿಸಿ, ಅರ್ಥವಾಗದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿಸಿದರೆ, ಬೆಳಿಗ್ಗೆ ಶಾಲೆಯಲ್ಲಿ ಉಪಾಧ್ಯಾಯರು ಆ ಗೀಟುಗಳಿಂದಲೇ ಪಾಠವನ್ನು ಆರಂಭಿಸಬಹುದು.